ಪದ ಪರಿಚಯ: ಎಜುಕೇಶನ್ ಬೀಟ್

ಪತ್ರಿಕೆಗೆ ಹೊಸದಾಗಿ ಸೇರಿದವರನ್ನು ಮೊದಲ ವಾರದಲ್ಲೇ ಎಲ್ಲರೂ ಕೇಳುವ ಪ್ರಶ್ನೆ, "ಯಾವ ಬೀಟ್ ಕೊಟ್ಟಾರ್ರಿ ನಿಮಗ?" ಬೀಟ್ ಅಂದರೆ ವರದಿಗಾರರ ಪಾಲಿಗೆ ಬಂದ ವಿಷಯ. ಪೊಲೀಸ್ ಠಾಣೆಯಲ್ಲಿ ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಇಂತಿಷ್ಟು ಬೀದಿ ಅಂತ ಹಂಚಿರುತ್ತಾರಲ್ಲ, ಅದೇ ಪದ ಇದು. ಇಲ್ಲಿ ಬೀದಿ ಇರುವ ಜಾಗದಲ್ಲಿ ಕ್ರೈಂ, ಪಾಲಿಕೆ, ಕೋರ್ಟು, ಆರೋಗ್ಯ, ಶಿಕ್ಷಣ ಇರುತ್ತವೆ. ಆ ವಿಷಯದಲ್ಲಿ ಏನು ನಡೆದರೂ ಬರೆಯುವ ಜವಾಬ್ದಾರಿ ಅವರದೇ. ಬೇರೆ ಪತ್ರಿಕೆಯಲ್ಲಿ ಬಂದ ಸುದ್ದಿ ನಮ್ಮಲ್ಲಿ ಬರದಿದ್ದರೆ ಬೆಳಿಗ್ಗೆ ಬ್ಯೂರೋ (ಪತ್ರಿಕೆಯ ಸ್ಥಳೀಯ ಸುದ್ದಿ ಕಚೇರಿ) ಮುಖ್ಯಸ್ಥರ ಫೋನ್ ಬರುವುದೂ ಅವರಿಗೇ.

ಶಿಕ್ಷಣದ ಬೀಟ್‌ನಲ್ಲಿ ಎರಡು ಲೋಕಗಳಿವೆ. ಒಂದು ಶಾಲೆಯದು: ಬಿಇಒ, ಡಿಡಿಪಿಐ ಎಂಬ ತಾಲ್ಲೂಕು, ಜಿಲ್ಲಾ ಶಿಕ್ಷಣಾಧಿಕಾರಿಗಳು, ಬಿಸಿಯೂಟ, ಎಸ್ಸೆಸ್ಸೆಲ್ಸಿ ಫಲಿತಾಂಶ. ಇನ್ನೊಂದು ಪಿಯುಸಿ ದಾಟಿದ ಮೇಲಿನದು: ಡಿಗ್ರಿ, ಎಂಜಿನಿಯರಿಂಗ್, ಮೆಡಿಕಲ್, ಪಿಎಚ್‌ಡಿ, ಕುಲಪತಿ, ವಿಶ್ವವಿದ್ಯಾಲಯದ (ವಿವಿ) ಆಡಳಿತ ಮಂಡಳಿಯಾದ ಸಿಂಡಿಕೇಟ್. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ. ಬೆಂಗಳೂರಿನ ದೊಡ್ಡ ಪತ್ರಿಕೆಗಳಲ್ಲಿ ಇದಕ್ಕೆಂದೇ ಒಬ್ಬರು ಇರಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬ್ಯೂರೋಗಳಲ್ಲಿ ಹಾಗಿಲ್ಲ. ಉನ್ನತ ಶಿಕ್ಷಣ ನೋಡುವವರೇ ಆಸ್ಪತ್ರೆಗೂ ಹೋಗುತ್ತಾರೆ, ಪ್ರವಾಹ ಬಂದರೆ ಕೃಷ್ಣಾ ತೀರಕ್ಕೂ ಓಡುತ್ತಾರೆ.

ಹಾಗಂತ ಈ ಭಾಗದಲ್ಲಿ ಬೀಟ್ ಚಿಕ್ಕದೇನಲ್ಲ. ಕಾಲೇಜು ಕಟ್ಟುವ ಹುಮ್ಮಸ್ಸು ಇಲ್ಲಿ ಹಳೆಯದು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದ್ದು 1910ರಲ್ಲಿ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು ಏಳು ಜನ ಸೇರಿ ಆರಂಭಿಸಿದ್ದು 1916ರಲ್ಲಿ. ವಿಶ್ವವಿದ್ಯಾಲಯಗಳು ಬಂದದ್ದು ಬಹಳ ತಡವಾಗಿ, ಬಂದಾಗ ಸಾಲುಸಾಲಾಗಿ ಬಂದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ, 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಕೆಎಲ್‌ಇ, ಬಿಎಲ್‌ಡಿಇ ಎರಡಕ್ಕೂ ಡೀಮ್ಡ್ ಸ್ಥಾನ, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನ ಎಂಬ ಮಾನ್ಯತೆ, ಸಿಕ್ಕಿದೆ.

ಹೊಸ ವರದಿಗಾರರು ಮೊದಲು ತಡವರಿಸುವುದು ಇಲ್ಲೇ. ಬೆಳಗಾವಿಯ ಟಿಳಕವಾಡಿಯ ಒಂದೇ ಬೀದಿಯಲ್ಲಿ ಐದು ಜನ ವಿದ್ಯಾರ್ಥಿಗಳಿದ್ದಾರೆ ಅಂದುಕೊಳ್ಳಿ. ಬಿಎ ಓದುವವಳ ಅಂಕಪಟ್ಟಿ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿವಿಯಿಂದ ಬರುತ್ತದೆ. ಎಂಜಿನಿಯರಿಂಗ್ ಹುಡುಗನದು ಮಚ್ಛೆಯ ವಿಟಿಯುದಿಂದ. ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್‌ನಲ್ಲಿ ಎಂಬಿಬಿಎಸ್ ಓದುವವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿಯಿಂದ. ಕಾನೂನು ಓದುವವರಿಗೆ ಹುಬ್ಬಳ್ಳಿಯ ಕಾನೂನು ವಿವಿಯಿಂದ. ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಹೋಗುವವನಿಗೆ ಬಾಗಲಕೋಟೆಯಿಂದ. ಯಾರದೋ ಫಲಿತಾಂಶ ತಡವಾದರೆ ಯಾರನ್ನು ಕೇಳಬೇಕು ಅನ್ನುವುದೇ ಅರ್ಧ ವರದಿಗಾರಿಕೆ. ಪ್ರಿನ್ಸಿಪಾಲರನ್ನು ಕೇಳಿದರೆ "ನಮ್ಮ ಕೈಯಾಗ ಏನಿಲ್ರಿ" ಅಂತಾರೆ. ಅದು ಎಷ್ಟೋ ಸಲ ನಿಜವೂ ಹೌದು.

ಕೇಳಬೇಕಾದ ಬಾಗಿಲು ಯಾವುದು ಅನ್ನುವುದು ಕಾಯಿದೆಯಲ್ಲಿದೆ. ರಾಣಿ ಚನ್ನಮ್ಮ ವಿವಿಯಂಥವು ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯಂತೆ. ವಿಟಿಯುಗೆ 1994ರ ಅದರದೇ ಕಾಯಿದೆ ಇದೆ. ರಾಜ್ಯ ವಿವಿಗಳಲ್ಲಿ ಇಬ್ಬರು ಕುಲಸಚಿವರು ಇರುತ್ತಾರೆ. ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ಕಚೇರಿ ಮಾತಿನಲ್ಲಿ 'ರಿಜಿಸ್ಟ್ರಾರ್' ಮತ್ತು 'ಇವ್ಯಾಲ್ಯುಯೇಶನ್ ರಿಜಿಸ್ಟ್ರಾರ್'. ನೇಮಕಾತಿ ಸುದ್ದಿಗೆ ಎರಡನೆಯವರ ಬಾಗಿಲಲ್ಲಿ ಕೂತರೆ ಚಹಾ ಸಿಗುತ್ತದೆ, ಸುದ್ದಿ ಸಿಗುವುದಿಲ್ಲ. ಕುಲಪತಿ ಹುದ್ದೆ ಖಾಲಿಯಾದಾಗ ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ, ರಾಜ್ಯಪಾಲರು ಒಂದನ್ನು ಆರಿಸುತ್ತಾರೆ. 2000ದ ಕಾಯಿದೆಯ ವಿವಿಗಳಲ್ಲಿ ಅವಧಿ ನಾಲ್ಕು ವರ್ಷ. ಈ ಲೆಕ್ಕ ತಲೆಯಲ್ಲಿರುವವರು ಅವಧಿ ಮುಗಿಯುವುದಕ್ಕೆ ಕೆಲವು ತಿಂಗಳು ಮೊದಲೇ ವಿಚಾರಣೆ ಶುರು ಮಾಡುತ್ತಾರೆ. ಉಳಿದವರು ಹಂಗಾಮಿ ಕುಲಪತಿ ಅಧಿಕಾರ ಸ್ವೀಕರಿಸುವ ಫೋಟೊ ಬಂದ ಮೇಲೆ ಎಚ್ಚರಗೊಳ್ಳುತ್ತಾರೆ.

ಒಂದು ಬೀಟ್ ನೋಡುವುದಕ್ಕೂ ಸುಮ್ನೆ ಕಾರ್ಯಕ್ರಮಕ್ಕೆ ಹೋಗಿ ಬರೆಯುವುದಕ್ಕೂ ಇರುವ ವ್ಯತ್ಯಾಸ ಇದೇ, ನನ್ನ ಪ್ರಕಾರ. ಯಾವುದು ಸಹಜ, ಯಾವಾಗ ಏನು ಆಗಬೇಕಿತ್ತು ಅನ್ನುವುದು ಗೊತ್ತಿದ್ದರೆ ತಾನೇ ಆಗದೇ ಇರುವುದು ಕಣ್ಣಿಗೆ ಬೀಳುವುದು? ಉನ್ನತ ಶಿಕ್ಷಣದಲ್ಲಿ ಸುದ್ದಿಗಳೆಲ್ಲ ಹೆಚ್ಚಾಗಿ ಆಗದೇ ಇದ್ದುದರ ಸುದ್ದಿಗಳು. ಬರದ ಫಲಿತಾಂಶ, ತುಂಬದ ಹುದ್ದೆ, ಸೇರದ ಸಿಂಡಿಕೇಟ್ ಸಭೆ, ಬಿಡುಗಡೆಯಾಗದ ವಿದ್ಯಾರ್ಥಿವೇತನ. ಇವಕ್ಕೆ ಆಮಂತ್ರಣ ಪತ್ರಿಕೆ ಬರುವುದಿಲ್ಲ.

ಆಮಂತ್ರಣ ಬರುವ ದಿನ ಹೇಗಿರುತ್ತದೆ ನೋಡೋಣ. ಘಟಿಕೋತ್ಸವಕ್ಕೆ ಒಂದೆರಡು ದಿನ ಮೊದಲು ಕುಲಪತಿಗಳ ಸುದ್ದಿಗೋಷ್ಠಿ. ಬಾಟಲಿ ನೀರು, ತಟ್ಟೆಯಲ್ಲಿ ಗೋಡಂಬಿ, ಬಿಸ್ಕತ್ತು, ಪಿನ್ ಹಾಕಿದ ನಾಲ್ಕೈದು ಹಾಳೆಯ ಪ್ರೆಸ್ ನೋಟ್. ಮೊದಲ ಹಾಳೆಯಲ್ಲಿ ಮುಖ್ಯ ಅತಿಥಿಗಳು, ಗೌರವ ಡಾಕ್ಟರೇಟ್ ಪಡೆಯುವವರು. ಎರಡನೆಯದರಲ್ಲಿ ಪದವೀಧರರ ಸಂಖ್ಯೆ, ಚಿನ್ನದ ಪದಕ. ಎಲ್ಲರೂ ಕೇಳುವುದು ಒಂದೇ: "ಸರ್, ಜಾಸ್ತಿ ಪದಕ ಯಾರಿಗೆ? ಬಡ ಕುಟುಂಬದವರು ಯಾರಾದ್ರೂ ಅದಾರೇನ್ರಿ?" ಮಾರನೆಯ ದಿನ ಹಮಾಲಿ ಮಾಡುವವರ ಮಗಳಿಗೆ ಚಿನ್ನ ಅನ್ನುವ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ. ಬರಲಿ, ಅದು ಬರಬೇಕಾದ ಸುದ್ದಿಯೇ. ಆ ಹುಡುಗಿ ಗಳಿಸಿದ್ದು ಸುಳ್ಳಲ್ಲ.

ಬೀಟ್ ಗೊತ್ತಿದ್ದವರು ಜತೆಗೆ ಕೊನೆಯ ಹಾಳೆಯನ್ನೂ ನೋಡುತ್ತಾರೆ. ಅಲ್ಲಿ ವಿಭಾಗವಾರು ಪಿಎಚ್‌ಡಿ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8 ಜನರಿಗೆ, ಸಹ ಪ್ರಾಧ್ಯಾಪಕರು 6 ಜನರಿಗೆ, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಇಷ್ಟು ತಿಳಿದಿದ್ದರೆ ಒಂದು ವಿಭಾಗದಲ್ಲಿ ಎಷ್ಟು ಕಾಯಂ ಅಧ್ಯಾಪಕರಿದ್ದಾರೆ, ಅಲ್ಲಿಂದ ಎಷ್ಟು ಪ್ರಬಂಧಗಳು ಬರಬಹುದು ಅನ್ನುವುದು ಬೆರಳೆಣಿಕೆ ಲೆಕ್ಕ. ಲೆಕ್ಕ ತಾಳೆಯಾದರೆ ಸುದ್ದಿ ಇಲ್ಲ, ಮುಂದೆ ಹೋಗಬಹುದು. ತಾಳೆಯಾಗದಿದ್ದರೆ ಮುಂದಿನ ವಾರದ ಕೆಲಸ ಸಿಕ್ಕಿತು ಅಂತ ಅರ್ಥ. ಗೌರವ ಡಾಕ್ಟರೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಶಿಕ್ಷಣಕ್ಕಿಂತ ರಾಜಕೀಯದ ಬೀಟ್‌ಗೇ ಹತ್ತಿರ.

ನ್ಯಾಕ್ ಗ್ರೇಡ್ ಸುದ್ದಿಯೂ ಹೀಗೆಯೇ. ನ್ಯಾಕ್ ಅಂದರೆ ಕಾಲೇಜು, ವಿವಿಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆ. 'ನಮ್ಮ ಕಾಲೇಜಿಗೆ ಎ ಪ್ಲಸ್' ಎಂಬ ಫ್ಲೆಕ್ಸ್ ಚೆನ್ನಮ್ಮ ವೃತ್ತದ ಆಸುಪಾಸು ಕಾಣುತ್ತಿರುತ್ತದೆ. ಈ ಗ್ರೇಡ್‌ಗಳಿಗೆ ಸಾಮಾನ್ಯವಾಗಿ 5 ವರ್ಷದ ಆಯುಷ್ಯ. ಫ್ಲೆಕ್ಸ್‌ಗೆ ಆಯುಷ್ಯ ಇಲ್ಲ. ಯಾವ ವರ್ಷದ ಗ್ರೇಡ್ ಎಂದು ಕೇಳುವವರು ಬಹಳ ಕಡಿಮೆ.

ಇನ್ನು ಫಲಿತಾಂಶ. ಈ ಬೀಟ್‌ನ ಅನ್ನ ಅದು ಅಂದರೂ ನಡೆದೀತು. ವರದಿಗಾರರಿಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಸರ್, ರಿಸಲ್ಟ್ ಯಾವಾಗ ಬಿಡ್ತಾರ್ರಿ?" ಕೇಳುವವರಿಗೆ ಇದು ಕುತೂಹಲದ ಮಾತಲ್ಲ. ಚಿಕ್ಕೋಡಿ ಕಡೆಯ ಹುಡುಗಿಯೊಬ್ಬಳು ಆರನೇ ಸೆಮಿಸ್ಟರ್ ಬರೆದಿದ್ದಾಳೆ ಅನ್ನಿ. ಅವಳಿಗೆ ಧಾರವಾಡದಲ್ಲೋ ಕೊಲ್ಹಾಪುರದ ಶಿವಾಜಿ ವಿವಿಯಲ್ಲೋ ಎಂಎಸ್ಸಿ ಮಾಡುವ ಆಸೆ. ಅಲ್ಲಿ ಅರ್ಜಿಯ ಕೊನೆ ದಿನ ಇವಳ ಅಂಕಪಟ್ಟಿಗಾಗಿ ಕಾಯುವುದಿಲ್ಲ. ಇಲ್ಲಿ ಮೂರು ವಾರ ತಡವಾದರೆ ಅಲ್ಲಿ ಒಂದು ವರ್ಷ ಹೋಯಿತು. 'ಫಲಿತಾಂಶ ವಿಳಂಬ: ವಿದ್ಯಾರ್ಥಿಗಳ ಪರದಾಟ' ಅನ್ನುವ ಶೀರ್ಷಿಕೆ ಎಲ್ಲರಿಗೂ ಬಾಯಿಪಾಠ. ಆದರೆ ಎಲ್ಲಿ ತಡವಾಯಿತು ಅನ್ನುವುದು ಆ ಸುದ್ದಿಗಳಲ್ಲಿ ಇರುವುದು ಅಪರೂಪ.

ತಡವಾಗುವ ಜಾಗಗಳು ಒಂದೆರಡಲ್ಲ. ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳು ವಿವಿಗೆ ಬರಬೇಕು. ಹೆಸರು, ನೋಂದಣಿ ಸಂಖ್ಯೆ ಮರೆಯಾಗುವಂತೆ ಕೋಡಿಂಗ್ ಆಗಬೇಕು. ಮೌಲ್ಯಮಾಪಕರು ಬರಬೇಕು, ಹಿಂದಿನ ಸಲದ ಭತ್ಯೆ ಬಾಕಿ ಇದ್ದರೆ ಅವರು ಮನಸ್ಸು ಮಾಡುವುದಿಲ್ಲ. ಆಮೇಲೆ ಡಿಕೋಡಿಂಗ್, ಅಂದರೆ ಅಂಕಗಳನ್ನು ಮತ್ತೆ ಹೆಸರಿಗೆ ಜೋಡಿಸುವುದು. ಕಾಲೇಜುಗಳು ಇಂಟರ್ನಲ್ ಅಂಕಗಳನ್ನು ಪೋರ್ಟಲ್‌ಗೆ ಏರಿಸಿರಬೇಕು, ಒಂದು ಕಾಲೇಜು ಮರೆತರೂ ಆ ಮಕ್ಕಳ ಫಲಿತಾಂಶಕ್ಕೆ ತಡೆ ಬೀಳುತ್ತದೆ. ಇದರ ಮೇಲೆ ನೀತಿ ಬದಲಾವಣೆಯ ಹೊರೆ ಬೇರೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, 2021ರಲ್ಲಿ. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಹಾಗಾಗಿ ಆ ಬದಲಾವಣೆಯ ಬೆನ್ನಿಗೆ ಒಂದೇ ಕಾಲೇಜಿನಲ್ಲಿ ಹಿರಿಯರಿಗೆ ಒಂದು ಪಠ್ಯಕ್ರಮ, ಕಿರಿಯರಿಗೆ ಇನ್ನೊಂದು ಆಯಿತು. ಪ್ರಶ್ನೆಪತ್ರಿಕೆ, ಅಂಕಗಳ ಲೆಕ್ಕ ಎಲ್ಲವೂ ಎರಡು ಬಗೆಯಾದವು. ಪರೀಕ್ಷಾ ವಿಭಾಗದ ಗುಮಾಸ್ತರ ಮುಂದೆ ಅರ್ಧ ಗಂಟೆ ಕೂತರೆ ಇದೆಲ್ಲ ತಿಳಿಯುತ್ತದೆ. ಕುಲಪತಿಗಳ ಮುಂದೆ ಕೂತರೆ "ಶೀಘ್ರದಲ್ಲೇ ಪ್ರಕಟಿಸುತ್ತೇವೆ" ಅನ್ನುವುದು ಸಿಗುತ್ತದೆ.

ಇಷ್ಟರಿಂದ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಬೀಟ್‌ನಲ್ಲಿ ಮೂಲಗಳು ದೊಡ್ಡವರಲ್ಲ. ಗುಮಾಸ್ತರು, ಹಾಸ್ಟೆಲ್ ವಾರ್ಡನ್, ವಿದ್ಯಾರ್ಥಿ ಸಂಘಟನೆಯ ಹುಡುಗರು, ಸಂಶೋಧನಾ ವಿದ್ಯಾರ್ಥಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವರು ಸಾವಿರಾರು ಜನ ಇದ್ದಾರೆ. ಪಾಠದ ದೊಡ್ಡ ಪಾಲು ನಡೆಯುವುದು ಅವರಿಂದಲೇ. ಬೆಳಗಾವಿಯ ವರದಿಗಾರರಿಗೆ ಒಂದು ಅನುಕೂಲ ಇದೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದಾಗ ರಾಜ್ಯದ ನಾನಾ ಕಡೆಯ ಶಿಕ್ಷಕರು, ಉಪನ್ಯಾಸಕರು, ವಿದ್ಯಾರ್ಥಿಗಳು ಧರಣಿಗೆ ಇಲ್ಲಿಗೇ ಬರುತ್ತಾರೆ. ಪೆಂಡಾಲ್‌ನಿಂದ ಪೆಂಡಾಲ್‌ಗೆ ನಡೆದರೆ ಚಾಮರಾಜನಗರದ ಕಾಲೇಜಿನ ಸ್ಥಿತಿಯನ್ನೂ ಬೀದರಿನದನ್ನೂ ಒಂದೇ ಮಧ್ಯಾಹ್ನದಲ್ಲಿ ಕೇಳಬಹುದು. ಮನವಿ ಪತ್ರದ ಪ್ರತಿ ಜೇಬಿಗಿಳಿಸಿ, ಸಚಿವರು ಬಂದು ಹೋದ ಫೋಟೊ ಕಳಿಸಿ ಮುಗಿಸಿದರೆ ಆ ಅನುಕೂಲ ದಂಡ. ನಂಬರ್ ತಗೊಂಡು ಜುಲೈನಲ್ಲಿ ಮತ್ತೆ ಫೋನ್ ಮಾಡಬೇಕು. ಕೊಟ್ಟ ಭರವಸೆ ಏನಾಯಿತು ಅನ್ನುವುದು ಗೊತ್ತಾಗುವುದು ಆಗಲೇ.

ಬಾಗಲಕೋಟೆ ವಿವಿಯ ಪ್ರಕರಣ ಈ ಬೀಟ್ ಅರ್ಥ ಮಾಡಿಕೊಳ್ಳಲು ಒಳ್ಳೆಯ ಉದಾಹರಣೆ. ಹಿಂದಿನ ಸರ್ಕಾರ ಜಿಲ್ಲೆಗೊಂದರಂತೆ ಕೆಲವು ಹೊಸ ವಿವಿಗಳನ್ನು ಮಾಡಿದಾಗ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಹುಟ್ಟಿತು. ಅದುವರೆಗೆ ರಾಣಿ ಚನ್ನಮ್ಮ ವಿವಿಗೆ ಸೇರಿದ್ದ ಜಿಲ್ಲೆಯ ಕಾಲೇಜುಗಳು ಇದಕ್ಕೆ ಬಂದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚುವ ಮಾತೆತ್ತಿದಾಗ ಆ ಪಟ್ಟಿಯಲ್ಲಿ ಇದೂ ಇತ್ತು. ಇಂಥ ಸುದ್ದಿಯನ್ನು ಬೆಂಗಳೂರಿನಲ್ಲಿ ಕೂತವರು ಹಣಕಾಸಿನ ಸುದ್ದಿಯಾಗಿ ಬರೆಯುತ್ತಾರೆ. ರಾಜಕೀಯ ನೋಡುವವರು ಯಾವ ಪಕ್ಷ ಏನಂದಿತು ಎಂದು ಬರೆಯುತ್ತಾರೆ. ಶಿಕ್ಷಣದ ಬೀಟ್‌ನವರ ಪ್ರಶ್ನೆಗಳೇ ಬೇರೆ: ಮುಚ್ಚಿದರೆ ಈಗ ಓದುತ್ತಿರುವವರ ಪದವಿ ಪತ್ರದ ಮೇಲೆ ಯಾವ ವಿವಿಯ ಮುದ್ರೆ ಇರುತ್ತದೆ? ಬ್ಯಾಕ್‌ಲಾಗ್ ಉಳಿಸಿಕೊಂಡವರು ಎಲ್ಲಿ ಪರೀಕ್ಷೆ ಬರೆಯಬೇಕು? ಮುಧೋಳದ ಹುಡುಗ ವಲಸೆ ಪ್ರಮಾಣಪತ್ರಕ್ಕೆ ಜಮಖಂಡಿಗೆ ಹೋಗಬೇಕೋ ಬೆಳಗಾವಿಗೋ? ನನಗೆ ಕೇಳಿದರೆ ಮುಖಪುಟಕ್ಕೆ ಬರಬೇಕಾದದ್ದು ಇವೇ. ಒಳಪುಟದ ಸಿಂಗಲ್ ಕಾಲಂನಲ್ಲಿ ಬಂದರೂ ಪುಣ್ಯ.

ವೃತ್ತಿಯ ಮಾತಿಗೆ ಬರೋಣ. ಈ ಬೀಟ್‌ಗೆ ಜನ ಬರುವ ದಾರಿ ಸಾಮಾನ್ಯವಾಗಿ ಎರಡು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿಯಂಥ ಕಡೆ ಪತ್ರಿಕೋದ್ಯಮ ಓದಿ ಟ್ರೇನಿ ಆಗಿ ಸೇರುವುದು ಒಂದು. ತಾಲ್ಲೂಕಿನಲ್ಲಿ ಬಿಡಿ ಸುದ್ದಿ ಕಳಿಸುತ್ತಾ ಹೆಸರು ಮಾಡಿ ಬ್ಯೂರೋಗೆ ಬರುವುದು ಇನ್ನೊಂದು. ಸಂಬಳ ದೊಡ್ಡದಲ್ಲ. ಪತ್ರಿಕಾ ನೌಕರರ ಸಂಬಳದ ಬಗ್ಗೆ ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲೇ ಅಧಿಸೂಚನೆಯಾಯಿತು. ಆದರೆ ಗುತ್ತಿಗೆಯ ಮೇಲೆ ದುಡಿಯುವವರಿಗೆ ಅದು ಓದಿ ತಿಳಿಯುವ ವಿಷಯವಷ್ಟೇ. ಕಷ್ಟದ ತಿಂಗಳು ಅಂದರೆ ಮೇ, ಜೂನ್. ಪ್ರವೇಶದ ಕಾಲ ಅದು. ಕಾಲೇಜುಗಳ ಜಾಹೀರಾತು ಬರುವುದೂ ಆಗಲೇ. ಅರ್ಧ ಪುಟ ಜಾಹೀರಾತು ಕೊಟ್ಟ ಸಂಸ್ಥೆಯ ಹೆಚ್ಚುವರಿ ಶುಲ್ಕದ ಬಗ್ಗೆ ಅದೇ ವಾರ ಬರೆದ ವರದಿ ಡೆಸ್ಕ್‌ನಲ್ಲಿ, ಅಂದರೆ ಸುದ್ದಿ ತಿದ್ದುವ ವಿಭಾಗದಲ್ಲಿ, ಎಷ್ಟು ಹೊತ್ತು ಮಲಗಬಹುದು ಅಂತ ಊಹಿಸಿ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಇನ್ನೊಂದು ಕಡೆ ಕನ್ಫರ್ಮ್ ಮಾಡ್ಕೊರಿ" ಅನ್ನುತ್ತಾರೆ, ಅಷ್ಟೇ.

ಕೆಲವು ವರ್ಷ ಕಳೆದ ಮೇಲೆ ದಾರಿಗಳು ಕವಲೊಡೆಯುತ್ತವೆ. ಕೆಲವರು ಬ್ಯೂರೋ ಮುಖ್ಯಸ್ಥರಾಗುತ್ತಾರೆ, ಕೆಲವರು ಡೆಸ್ಕ್‌ಗೆ ಹೋಗುತ್ತಾರೆ, ಕೆಲವರು ಇಷ್ಟು ವರ್ಷ ವರದಿ ಮಾಡಿದ ಸಂಸ್ಥೆಯಲ್ಲೇ ಪಿಆರ್‌ಒ (ಸಾರ್ವಜನಿಕ ಸಂಪರ್ಕಾಧಿಕಾರಿ) ಆಗುತ್ತಾರೆ. ಮೂರನೆಯದನ್ನು ಆಡಿಕೊಳ್ಳುವವರಿದ್ದಾರೆ. ಮಕ್ಕಳ ಫೀಸು ಕಟ್ಟಬೇಕಾದವರನ್ನು ಆಡಿಕೊಳ್ಳುವುದು ಸುಲಭ. ನಷ್ಟ ಅಂತ ನನಗನ್ನಿಸುವುದು ಬೇರೆ. ಅವರ ಜತೆ ಬೀಟ್‌ನ ನೆನಪೂ ಹೋಗುತ್ತದೆ. ಹೊಸಬರು ಪ್ರೆಸ್ ನೋಟ್‌ನಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಅಂಥ ಹೊಸಬರಿಗೆ ಹಿರಿಯರು ಹೇಳಿಕೊಡುವುದು ದೊಡ್ಡ ತತ್ವಗಳನ್ನಲ್ಲ. ವಿವಿಯ ಶೈಕ್ಷಣಿಕ ವೇಳಾಪಟ್ಟಿ ಪ್ರಿಂಟ್ ತೆಗೆದು ಮೇಜಿನ ಮೇಲೆ ಅಂಟಿಸಿ, ದಾಟಿದ ದಿನಾಂಕಗಳಿಗೆ ಗೆರೆ ಎಳೆಯಿರಿ. ಸಿಂಡಿಕೇಟ್ ಸಭೆಯ ನಡಾವಳಿ ಕೇಳಿ ಓದಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಎಚ್ಚರಿಕೆ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತ, 150 ಪದ ಮೀರುವಂತಿಲ್ಲ. ಪಿಎಚ್‌ಡಿ ಪಟ್ಟಿಯನ್ನೂ ಕಟ್ಟಡದ ಟೆಂಡರನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ವಾಪಸ್ ಕಳಿಸಲು ಅವರಿಗೆ ಅದೇ ನೆಪ ಸಾಕು.