ರಂಪಣಿಯಿಂದ ಪರ್ಸೀನ್‌ಗೆ: ಕರಾವಳಿಯ ಕಣ್ಣೆದುರಿನ ಪಠ್ಯ

ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜದ ನಂಟನ್ನೇ ಓದುವ ವಿಭಾಗಗಳು ಬ್ರಿಟನ್, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು 1960ರ ದಶಕದಲ್ಲಿ. 1984ರಲ್ಲಿ ಇದೇ ಕ್ಷೇತ್ರದ ವಿದ್ವಾಂಸರಾದ ಟ್ರೆವರ್ ಪಿಂಚ್ ಮತ್ತು ವೀಬೆ ಬೈಕರ್ ಸೈಕಲ್‌ನ ಚರಿತ್ರೆಯನ್ನು ಮುಂದಿಟ್ಟು, ಒಂದು ಯಂತ್ರ ಗೆಲ್ಲುವುದನ್ನು ಅದರ ಗುಣವೊಂದೇ ತೀರ್ಮಾನಿಸುವುದಿಲ್ಲ, ಅದಕ್ಕೆ ಸಂಬಂಧಪಟ್ಟ ಗುಂಪುಗಳ ಅಗತ್ಯವೂ ಬಲವೂ ತೀರ್ಮಾನಿಸುತ್ತವೆ ಎಂದು ವಾದಿಸಿದರು. ಮಂಗಳೂರು, ಉಡುಪಿಯಲ್ಲಿ ಇದನ್ನು ಕಲಿಯಲು ಸೈಕಲ್ಲೇ ಬೇಕಿಲ್ಲ. ಮಂಗಳೂರಿನ ಮೀನುಗಾರಿಕೆ ಬಂದರಾದ ದಕ್ಕೆಯೂ ಉಡುಪಿಯ ಮಲ್ಪೆ ಬಂದರೂ ಇವೆ.

ರಂಪಣಿ ದಡದಿಂದ ಎಳೆಯುವ ಬಲೆ. ಹಗ್ಗದ ಒಂದು ತುದಿ ದಡದಲ್ಲೇ ಉಳಿಯುತ್ತಿತ್ತು. ದೋಣಿ ಮೀನಿನ ಹಿಂಡನ್ನು ಸುತ್ತಿ ಬಂದು ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುತ್ತಿತ್ತು. ಹತ್ತಾರು ಮಂದಿ ಎರಡೂ ಕಡೆಯಿಂದ ಎಳೆಯಬೇಕು. ಹಲವರು ಸೇರಿದ ಕೂಟದ ಬಲೆ ಅದು, ಸಿಕ್ಕಿದ್ದರಲ್ಲಿ ಪಾಲು. ಬಂಗುಡೆ, ಬೂತಾಯಿಯನ್ನು ಮೀನು ಮಾರುವ ಹೆಂಗಸರು ಊರಿನ ದಡದಲ್ಲೇ ಕೊಳ್ಳುತ್ತಿದ್ದರು.

1970ರ ದಶಕದ ನಡುವಿನಲ್ಲಿ ಯಂತ್ರದ ಬೋಟಿನಿಂದ ಬೀಸುವ ಪರ್ಸೀನ್ ಬಲೆ ಬಂತು. ಅದರ ಅಡಿ ಅಂಚಿನಲ್ಲಿ ಬಳೆಗಳಿವೆ. ಅವುಗಳೊಳಗೆ ಹಾಯ್ದ ಹಗ್ಗ ಎಳೆದರೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ, ಹಿಂಡಿಗೆ ಕೆಳಗಿನಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹಿಂಡು ದಡಕ್ಕೆ ಬರುವ ಮೊದಲೇ ಬೋಟಿನವರು ಸುತ್ತುವರಿದರು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು. ಇಂದು ಉಳಿದದ್ದು ಅಲ್ಲಲ್ಲಿ ಎಳೆಯುವ ಕೈರಂಪಣಿ ಎಂಬ ಸಣ್ಣ ಬಲೆ.

“ಯಂತ್ರ ಬಂತು, ಜನ ಸೋತರು” ಎಂದು ಬರೆದು ಮುಗಿಸಿಬಿಡುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಬೋಟಿಗೆ ಸಾಲ ಸಿಕ್ಕಿದ್ದು ಯಾರಿಗೆ, ಐಸ್ ಪ್ಲಾಂಟ್, ಲಾರಿ, ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆ ಎಲ್ಲಿದ್ದವು ಎಂದು ಕೇಳದಿದ್ದರೆ ಬಲೆಯೊಂದೇ ಎಲ್ಲ ಮಾಡಿದಂತೆ ಕಾಣುತ್ತದೆ. ಮೀನು ಬಂದರಿಗೆ ಇಳಿಯತೊಡಗಿದ ಮೇಲೆ ಹೆಂಗಸರು ಅಲ್ಲಿಗೆ ಹೋಗಿ ದೊಡ್ಡ ವ್ಯಾಪಾರಿಗಳ ಜೊತೆ ಹರಾಜು ಕೂಗಬೇಕಾಯಿತು. ಬೋಟ್ ಮಾಲೀಕರನ್ನು ಮಾತ್ರ ಮಾತಾಡಿಸಿದರೆ ಈ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು ಮೀನಿನ ಅಂಕಿ ಏರಿದರೂ ಆ ಮೀನು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಅಂಕಿ ಹೇಳುವುದಿಲ್ಲ. ಆದ್ದರಿಂದ ಮೊದಲು ಬಲೆಯ ಭಾಗಗಳನ್ನು ಚಿತ್ರ ಬಿಡಿಸಿಕೊಳ್ಳಿ, ಆಮೇಲೆ ಪ್ರತಿ ಭಾಗಕ್ಕೂ ದುಡ್ಡು ಹಾಕಿದವರು ಯಾರು, ಎಳೆದವರು ಯಾರು, ಪಾಲು ಎಷ್ಟು ಎಂದು ಬರೆದುಕೊಳ್ಳಿ. ಅದೇ ಪ್ರಶ್ನೆಗಳನ್ನು ಮುಂಜಾನೆ ಹರಾಜಿನ ಹೊತ್ತಿಗೆ ಬುಟ್ಟಿ ಹೊತ್ತವರಿಗೂ ಕೇಳಿ.

2017ರಲ್ಲಿ ಕೇಂದ್ರ ಸರ್ಕಾರ, ಜನರೇಟರ್‌ನಿಂದ ಎಲ್‌ಇಡಿ ದೀಪ ಉರಿಸಿ ಬೆಳಕಿಗೆ ಮೀನು ಸೆಳೆದು ಹಿಡಿಯುವ ಮೀನುಗಾರಿಕೆಯನ್ನು ನಿಷೇಧಿಸಿತು. ನಾಡದೋಣಿಯವರ ತಕರಾರು ಇನ್ನೂ ಮುಗಿದಿಲ್ಲ. ಆ ಜನರೇಟರ್ ಕೊಳ್ಳುವ ತಾಕತ್ತು ಯಾರಿಗಿದೆ ಎಂಬಲ್ಲಿಂದ ಮುಂದಿನ ಪ್ರಬಂಧ ಶುರುವಾಗಬಹುದು.