ಕಲ್ಲುಗುಡ್ಡವೇ ದ್ವೀಪ: ಹಳದಿ ಕೊರಳಿನ ಪಿಕಳಾರ ಅಪಾಯಕ್ಕೆ ಸಿಕ್ಕ ಬಗೆ

ಚಿತ್ರದುರ್ಗದಿಂದ ಜೋಗಿಮಟ್ಟಿಗೆ ಹೋಗುವ ದಾರಿಯಲ್ಲಿ, ಆಡುಮಲ್ಲೇಶ್ವರ ದಾಟಿದ ಮೇಲೆ ಬೆಳಗಿನ ಹೊತ್ತು ಸುಮ್ಮನೆ ನಿಂತರೆ ಮೊದಲು ಕೇಳುವುದು ನಮ್ಮ ಹಿತ್ತಲಿಗೂ ಬರುವ ಕರಿತಲೆಯ ಪಿಕಳಾರಗಳ ಗದ್ದಲ. ನಾನು ಹೋಗುವುದು ಅವುಗಳ ದಾಯಾದಿಯೊಂದನ್ನು ಹುಡುಕಿಕೊಂಡು. ಬಂಡೆಯ ಬಿರುಕಿನಲ್ಲಿ ಬೇರೂರಿದ ಗೋಣಿಮರಕ್ಕೆ ಅದು ಬರುತ್ತದೆ. ತಲೆಯ ಮೇಲೆ ಜುಟ್ಟಿಲ್ಲ, ಮೈ ಬೂದಿ ಬಣ್ಣ, ಕೊರಳಿಗೆ ಮಾತ್ರ ಈಗಷ್ಟೇ ಅರಿಸಿನ ಬಳಿದ ಹಾಗೆ. ಒಂದು ಹಣ್ಣು ಕಿತ್ತು, ಆಚೀಚೆ ನೋಡಿ, ಬಂಡೆಯ ಮಗ್ಗುಲಿಗೆ ಜಾರಿಬಿಡುತ್ತದೆ. ಕ್ಯಾಮೆರಾ ಎತ್ತುವಷ್ಟರಲ್ಲಿ ಕೊಂಬೆ ಖಾಲಿ.

ಅಲ್ಲೇ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜನನ್ನು ಒಮ್ಮೆ ಕೇಳಿದ್ದೆ, ಈ ಹಕ್ಕಿ ಕೆಳಗೆ ಊರಲ್ಲೂ ಕಾಣುತ್ತದೆಯೇ ಎಂದು. "ಇಲ್ಲ ಸ್ವಾಮಿ, ಇದು ಗುಡ್ಡದ ಮ್ಯಾಗಿಂದು. ಹೊಲಕ್ಕೆ ಇಳಿಯಾದಿಲ್ಲ" ಅಂದರು. ಈ ಹಕ್ಕಿಯ ಕಷ್ಟವೆಲ್ಲ ಆ ಮಾತಿನಲ್ಲೇ ಇದೆ.

ಹಳದಿ ಕೊರಳಿನ ಪಿಕಳಾರ ಇಡೀ ಭೂಮಿಯ ಮೇಲೆ ದಕ್ಷಿಣ ಭಾರತದಲ್ಲಿ ಮಾತ್ರ ಇದೆ. ಇಲ್ಲೂ ಎಲ್ಲ ಕಡೆ ಇಲ್ಲ. ಹೆಬ್ಬಂಡೆಗಳ ನಡುವೆ ಕುರುಚಲು ಕಾಡಿರುವ ಗುಡ್ಡಗಳೇ ಅದಕ್ಕೆ ಬೇಕು. ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ ಟಿ.ಸಿ. ಜೆರ್ಡನ್ 1845ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಆಮೇಲೆ ಬಹುಕಾಲ ಅದು ನಂದಿಬೆಟ್ಟ, ಆಂಧ್ರದ ಹಾರ್ಸ್ಲಿ ಬೆಟ್ಟದಂತಹ ಕೆಲವೇ ಜಾಗಗಳ ಹಕ್ಕಿ ಎಂದೇ ಹೆಸರಾಗಿತ್ತು. ಕರ್ನಾಟಕದ ಪಕ್ಷಿವೀಕ್ಷಕರಾದ ಎಸ್. ಸುಬ್ರಮಣ್ಯ, ಜೆ.ಎನ್. ಪ್ರಸಾದ್, ಎಸ್. ಕಾರ್ತಿಕೇಯನ್ ಹಳೆಯ ದಾಖಲೆಗಳನ್ನೂ ಹೊಸದಾಗಿ ಕಂಡ ಜಾಗಗಳನ್ನೂ ಒಟ್ಟುಗೂಡಿಸಿ 2006ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹಕ್ಕಿ ಇನ್ನೂ ಎಷ್ಟೋ ಗುಡ್ಡಗಳಲ್ಲಿದೆ ಎಂಬುದು ಆಗ ಒಂದೇ ಕಡೆ ಓದಲು ಸಿಕ್ಕಿತು.

ಇಷ್ಟು ಗುಡ್ಡಗಳಲ್ಲಿ ಇದ್ದ ಮೇಲೆ ಚಿಂತೆ ಯಾಕೆ ಎಂದು ಕೇಳಬಹುದು. ಆದರೂ ಅಳಿವಿನ ಅಂಚಿಗೆ ಸರಿಯುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅದು 'ವಲ್ನರಬಲ್', ಅಂದರೆ ಅಳಿವಿನ ಅಪಾಯಕ್ಕೆ ತುತ್ತಾಗಬಲ್ಲ ಜೀವಿ. ಆ ಗುಂಪಿಗೆ ಸೇರಲು ಇರುವ ಅಳತೆಗೋಲುಗಳಲ್ಲಿ ಒಂದು ಹೀಗಿದೆ: ಪ್ರಾಯದ ಹಕ್ಕಿಗಳು 10,000ಕ್ಕಿಂತ ಕಡಿಮೆ ಇರಬೇಕು, ಆ ಸಂಖ್ಯೆ ಇಳಿಯುತ್ತಲೂ ಇರಬೇಕು, ಜೊತೆಗೆ ಅವು ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿರಬೇಕು. ಚದುರಿರುವುದು ಏಕೆ ಅಷ್ಟು ದೊಡ್ಡ ವಿಷಯ ಎಂಬುದು ಕೋಟೆಯ ಮೇಲೆ ನಿಂತು ನೋಡಿದರೆ ತಿಳಿಯುತ್ತದೆ. ಸುತ್ತ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಬಯಲು. ನಡುನಡುವೆ ತಲೆ ಎತ್ತಿದ ಗುಡ್ಡಗಳು. ಹೊಲಕ್ಕೆ ಇಳಿಯದ ಹಕ್ಕಿಗೆ ಆ ಬಯಲೇ ಸಮುದ್ರ.

ದ್ವೀಪದ ಹಕ್ಕಿಗಳಿಗೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡಿನ ಚ್ಯಾಥಮ್ ದ್ವೀಪಗಳ ಕಪ್ಪು ರಾಬಿನ್ ಸಾಕ್ಷಿ. ಮನುಷ್ಯರ ಹಿಂದೆ ಬಂದ ಬೆಕ್ಕು, ಇಲಿಗಳು ದೊಡ್ಡ ದ್ವೀಪಗಳಲ್ಲಿ ಅದನ್ನು ಮುಗಿಸಿದವು. ಕೊನೆಗೆ ಲಿಟಲ್ ಮಂಗೆರೆ ಎಂಬ ಕಡಿದಾದ ಕಲ್ಲುಗುಡ್ಡೆಯ ಮೇಲಿನ ತುಣುಕು ಕಾಡಿನಲ್ಲಿ ಮಾತ್ರ ಉಳಿಯಿತು. ಆ ಕಾಡೂ ಸೊರಗಿದಾಗ, 1976ರಲ್ಲಿ ಉಳಿದಿದ್ದ ಏಳು ಹಕ್ಕಿಗಳನ್ನು ಹಿಡಿದು ಪಕ್ಕದ ಮಂಗೆರೆ ದ್ವೀಪಕ್ಕೆ ಒಯ್ದರು. 1980ರ ಹೊತ್ತಿಗೆ ಐದೇ ಉಳಿದವು. ಮರಿ ಮಾಡಬಲ್ಲ ಹೆಣ್ಣು ಒಂದೇ ಒಂದು. ಕಾಲಿಗೆ ನೀಲಿ ಪಟ್ಟಿ ತೊಡಿಸಿದ್ದರಿಂದ ಅದಕ್ಕೆ 'ಓಲ್ಡ್ ಬ್ಲೂ' ಎಂದು ಹೆಸರಾಯಿತು. ಡಾನ್ ಮರ್ಟನ್ ಮತ್ತು ಸಂಗಡಿಗರು ಅದರ ಮೊಟ್ಟೆಗಳನ್ನು ಟಾಮ್‌ಟಿಟ್ ಎಂಬ ಬೇರೆ ಹಕ್ಕಿಯ ಗೂಡಿಗೆ ಸಾಗಿಸಿದರು. ಮೊಟ್ಟೆ ಕಳೆದುಕೊಂಡ ತಾಯಿ ಮತ್ತೆ ಇಟ್ಟಿತು. ಇಂದು ಇರುವ ಕಪ್ಪು ರಾಬಿನ್‌ಗಳೆಲ್ಲ ಆ ಒಂದು ತಾಯಿಯ ಸಂತಾನ, ಇನ್ನೂರಕ್ಕೂ ಹೆಚ್ಚಿವೆ. ಓದಿದಾಗಲೆಲ್ಲ ಕಣ್ಣು ತುಂಬಿ ಬರುವ ಕತೆ ಇದು. ಆದರೆ ಅಷ್ಟು ಕಡೆಗಾಲದವರೆಗೆ ನಾವು ಕಾಯಬೇಕಿಲ್ಲ.

ನಮ್ಮಲ್ಲಿ ಬೆಕ್ಕು, ಇಲಿಗಿಂತ ಮೊದಲು ದ್ವೀಪವೇ ಕರಗುತ್ತಿದೆ. ಕಂದಾಯದ ದಾಖಲೆಯಲ್ಲಿ ಇಂಥ ಎಷ್ಟೋ ಗುಡ್ಡಗಳು 'ಖರಾಬು'. ಉಳುಮೆಗೆ ಬಾರದ್ದು ಎಂಬ ಅರ್ಥದ ಆ ಪದ ಕಾಲಕ್ರಮದಲ್ಲಿ ಯಾತಕ್ಕೂ ಬಾರದ್ದು ಎಂದಾಗಿಬಿಟ್ಟಿತು. ಊರಿನ ದನ, ಕುರಿ ಮೇದದ್ದು, ಸೌದೆ ಬಂದದ್ದು, ಬಂಡೆಯ ಮೇಲಿನ ಕುಳಿಯಾದ ದೊಣೆಯಲ್ಲಿ ಬೇಸಿಗೆವರೆಗೂ ನೀರು ನಿಂತದ್ದು ಯಾವ ಕಾಲಂಗೂ ಹತ್ತಲಿಲ್ಲ. ಹಾಗಾಗಿ ಜಲ್ಲಿ, ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಮರಳಿಗೆ ಬೇಡಿಕೆ ಏರಿದಾಗ ಎಲ್ಲರ ಕಣ್ಣು ಮೊದಲು ಬಿದ್ದದ್ದು ಅಲ್ಲಿಗೇ. ಬೆಂಕಿ ಬಿದ್ದ ಕುರುಚಲು ಒಂದೆರಡು ಮಳೆಗೆ ಚಿಗುರುತ್ತದೆ. ಸಿಡಿಸಿದ ಬಂಡೆ ಚಿಗುರುವುದಿಲ್ಲ.

2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕಿದ್ದು ಹಲವರಿಗೆ ನೆನಪಿರಬಹುದು. ಅದು ಕಬ್ಬಿಣದ ಅದಿರಿನ ವಿಷಯ. ಕಟ್ಟಡದ ಕಲ್ಲು ಕಾನೂನಿನಲ್ಲಿ 'ಉಪಖನಿಜ', ಅಂದರೆ ಸಣ್ಣ ಖನಿಜಗಳ ಗುಂಪಿನದು, ಅದರ ಲೆಕ್ಕವೇ ಬೇರೆ. ಐದು ಹೆಕ್ಟೇರ್‌ಗಿಂತ ಚಿಕ್ಕ ಕ್ವಾರಿಗಳಿಗೆ ಪರಿಸರ ಅನುಮತಿಯೇ ಬೇಕಿರಲಿಲ್ಲ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಚಿಕ್ಕ ಗುತ್ತಿಗೆಗೂ ಅನುಮತಿ ಕಡ್ಡಾಯವಾಯಿತು. ನನ್ನ ಮಟ್ಟಿಗೆ ಈ ಹಕ್ಕಿಯ ಇತಿಹಾಸದಲ್ಲಿ 1845ರಷ್ಟೇ ಮುಖ್ಯವಾದ ವರ್ಷ ಅದು, ಹಕ್ಕಿಯ ಹೆಸರು ಆ ತೀರ್ಪಿನಲ್ಲಿ ಇಲ್ಲದಿದ್ದರೂ.

ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಅಲ್ಲಿನ ಪಿಕಳಾರಗಳಿಗೆ ಕಾನೂನಿನ ಬೇಲಿ ಸಿಕ್ಕಿದೆ. ನನ್ನ ಚಿಂತೆ ಹೊರಗೆ ಉಳಿದ ಗುಡ್ಡಗಳದ್ದು, ಊರಿನವರು ಬಿಟ್ಟರೆ ಯಾರಿಗೂ ಹೆಸರು ಗೊತ್ತಿಲ್ಲದವುಗಳದ್ದು. ಪರಿಸರ ಅನುಮತಿಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಸುತ್ತಮುತ್ತ ಮುಖ್ಯವಾದ ಅಥವಾ ಸೂಕ್ಷ್ಮವಾದ ಜೀವಿಗಳು ಮರಿ ಮಾಡುವ, ಮೇಯುವ ಜಾಗ ಇದೆಯೇ? ಯಾರೂ ಬರೆದಿಡದಿದ್ದರೆ ಅಲ್ಲಿ 'ಇಲ್ಲ' ಎಂದು ತುಂಬುವುದು ಸುಲಭ.

ಅದಕ್ಕೇ ಈಗ ಹಕ್ಕಿ ನೋಡಲು ಹೋದಾಗ ದಿನಾಂಕದ ಜೊತೆಗೆ ಗುಡ್ಡದ ಹೆಸರು, ಗ್ರಾಮ, ಸರ್ವೆ ನಂಬರನ್ನೂ ಬರೆದುಕೊಳ್ಳುತ್ತೇನೆ. ಕಳೆದ ಸಲದ ಪುಟದಲ್ಲಿ ಹೀಗಿದೆ: "ಎರಡು ಹಕ್ಕಿ. ದೊಣೆಯಲ್ಲಿ ಅಂಗೈಯಗಲ ನೀರು. ಒಂದು ಕುಡಿಯುವಾಗ ಇನ್ನೊಂದು ಬಂಡೆಯ ಮೇಲೆ ಕಾವಲು."