ಆಸ್ಟಿಯೋಪತಿ ಅಂದರೆ ಸರಿದ ಎಲುಬು ಕೂರಿಸೋದಾ?

ಪ್ರಶ್ನೆ: ನಮ್ಮ ಅಪ್ಪ ಇಳಕಲ್ ಸೀರೆ ನೇಯುತ್ತಾರೆ. ಟೊಂಕ ಹಿಡಿದು ಬಹಳ ದಿನವಾಯಿತು. ಆಸ್ಟಿಯೋಪತಿ ಮಾಡಿಸಿ, ಸರಿದ ಎಲುಬು ಕೂರುತ್ತದೆ ಅಂತ ಪರಿಚಯದವರು ಹೇಳುತ್ತಾರೆ. ಊರಲ್ಲಿ ಎಲುಬು ಕೂಡಿಸುವವರು ಮಾಡೋದೂ ಇದೇ ಅಲ್ವಾ?

ಉತ್ತರ: ಆಸ್ಟಿಯೋಪತಿಯೂ ಊರಿನ ಎಲುಬು ಕೂಡಿಸುವುದೂ ಕೈಯಿಂದ ಮಾಡುವ ಚಿಕಿತ್ಸೆಗಳೇ, ಅಷ್ಟು ನಿಜ. ಆದರೆ ಸಾಮಾನ್ಯ ಟೊಂಕನೋವಿನಲ್ಲಿ ಯಾವ ಎಲುಬೂ ಜಾಗ ಬಿಟ್ಟು ಸರಿದಿರುವುದಿಲ್ಲ. ಕೀಲು ತಿರುವಿದಾಗ ಲಟಕ್ ಅನ್ನುವುದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಉಂಟಾಗುವ ಸದ್ದು. ಎಲುಬು ಕೂತ ಸದ್ದಲ್ಲ.

ಆಸ್ಟಿಯೋಪತಿ ಹುಟ್ಟಿದ್ದು ಒಂದು ಮನೆಯ ದುಃಖದಿಂದ. ಆಂಡ್ರ್ಯೂ ಟೇಲರ್ ಸ್ಟಿಲ್ (1828–1917) ಅಮೆರಿಕದ ವೈದ್ಯ. 1864ರಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಬಂದು ಅವರ ಮೂರು ಮಕ್ಕಳು ತೀರಿಕೊಂಡರು. ಮನೆಯಲ್ಲೇ ವೈದ್ಯ ಇದ್ದೂ ಮಕ್ಕಳು ಉಳಿಯಲಿಲ್ಲ. ಆಗಿನ ಔಷಧಗಳಾದರೂ ಎಂಥವು? ಪಾದರಸದ ಕ್ಯಾಲೊಮೆಲ್, ಅಫೀಮು, ಭೇದಿ ಮಾಡಿಸುವ ಮದ್ದು. ಎಷ್ಟೋ ಸಲ ರೋಗಕ್ಕಿಂತ ಮದ್ದೇ ಹೆಚ್ಚು ಹಾನಿ ಮಾಡುತ್ತಿದ್ದ ಕಾಲ ಅದು. ಸ್ಟಿಲ್ ಅವರಿಗೆ ಔಷಧದ ಮೇಲಿನ ನಂಬಿಕೆಯೇ ಹೋಯಿತು. ದೇಹರಚನೆಯನ್ನು ಹಟ ಹಿಡಿದು ಅಭ್ಯಾಸ ಮಾಡಿದರು. 1874ರಲ್ಲಿ ತಮ್ಮ ವಿಚಾರವನ್ನು ಜನರ ಮುಂದಿಟ್ಟರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಊರಿನಲ್ಲಿ ಶಾಲೆ ತೆರೆದರು. ಮೊದಲ ತರಗತಿಯಲ್ಲೇ ಹೆಣ್ಣುಮಕ್ಕಳೂ ಇದ್ದರು. ಆ ಕಾಲಕ್ಕೆ ಇದು ದೊಡ್ಡ ಮಾತು.

ಅವರ ವಿಚಾರದ ತಿರುಳು ಇಷ್ಟು: ದೇಹ ಒಂದೇ ಘಟಕ. ಅದರ ರಚನೆಗೂ ಕೆಲಸಕ್ಕೂ ನಂಟಿದೆ, ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ದೇಹಕ್ಕಿದೆ, ಅದಕ್ಕೆ ಇರುವ ಅಡ್ಡಿ ತೆಗೆಯುವುದು ವೈದ್ಯರ ಕೆಲಸ. ರಕ್ತ ಸರಾಗವಾಗಿ ಹರಿಯಬೇಕು ಎಂಬುದಕ್ಕೆ ಸ್ಟಿಲ್ ಬಹಳ ಒತ್ತು ಕೊಟ್ಟರು.

ನಿಮ್ಮ ಅಪ್ಪನ ಕೆಲಸವನ್ನೇ ನೋಡಿ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ದಿನವಿಡೀ ಕೂರುವ ಕೆಲಸ. ತೊಡೆಯ ಸಂದು ಬಿಗಿಯಾದರೆ ಬಾಗುವ ಭಾರವೆಲ್ಲ ಟೊಂಕಕ್ಕೆ ಬೀಳಬಹುದು. ಹಾಗಾಗಿ ಒಳ್ಳೆಯ ಆಸ್ಟಿಯೋಪತ್ ನೋಯುವ ಜಾಗ ಒತ್ತಿ ಸುಮ್ಮನಾಗುವುದಿಲ್ಲ. ನಿಲ್ಲಿಸಿ, ಬಾಗಿಸಿ, ತೊಡೆ ಸಂದು, ಬೆನ್ನು, ಉಸಿರಾಟ ಎಲ್ಲ ನೋಡುತ್ತಾರೆ. ಆಮೇಲೆ ಸ್ನಾಯು ಎಳೆಯುವುದು, ಕೀಲನ್ನು ನಿಧಾನವಾಗಿ ಆಡಿಸುವುದು, ತಮ್ಮ ಕೈಗೆ ಎದುರಾಗಿ ರೋಗಿಯಿಂದಲೇ ಒತ್ತಿಸಿ ಸಡಿಲ ಬಿಡಿಸುವುದು. ಲಟಕ್ ಅನ್ನಿಸುವ ಜೋರಿನ ತಿರುವು ಇದರಲ್ಲಿ ಒಂದು ಭಾಗ ಮಾತ್ರ.

ಗುಣವಾಗುತ್ತದಾ? ಟೊಂಕನೋವಿಗೆ ಸ್ವಲ್ಪ ಮಟ್ಟಿಗೆ ಹೌದು. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಇದೂ ಮಾಮೂಲಿ ಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಆಸ್ಟಿಯೋಪತಿ ಮಾಡಿಸಿಕೊಂಡವರಿಗೆ ಮಾತ್ರೆ ಕಡಿಮೆ ಬೇಕಾಯಿತು. ಆಸ್ಟಿಯೋಪತಿಯಲ್ಲೇ ತಲೆಬುರುಡೆ ಹಿಡಿದು ಮಾಡುವ ಚಿಕಿತ್ಸೆಯೊಂದಿದೆ, ಅದಕ್ಕೆ ಆಧಾರ ತೀರಾ ದುರ್ಬಲ. ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಇದರಿಂದ ಹೋಗುತ್ತದೆ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಔಷಧ ಬೇಡವೆಂಬ ಸ್ಟಿಲ್ ಅವರ ಹಟ ಆ ಕಾಲಕ್ಕೆ ಅರ್ಥವಾಗುವಂಥದ್ದು, ಇವತ್ತಿಗೆ ಸಲ್ಲದು. ಅಮೆರಿಕದಲ್ಲೇ ಇವತ್ತು ಆಸ್ಟಿಯೋಪತಿ ಪದವಿ ಪಡೆದವರು ಪೂರ್ಣ ವೈದ್ಯರು, ಔಷಧ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಬ್ರಿಟನ್‌ನಲ್ಲಿ ಹಾಗಲ್ಲ, ಅಲ್ಲಿ 1993ರ ಕಾನೂನಿನಡಿ ನೋಂದಣಿಯಾದ ಬೇರೆಯೇ ವೃತ್ತಿ. ಆದ್ದರಿಂದ ಬೋರ್ಡ್ ನೋಡಿ ಒಳಗೆ ಹೋಗಬೇಡಿ. ಎಲ್ಲಿ, ಎಷ್ಟು ವರ್ಷ ಕಲಿತಿದ್ದೀರಿ ಎಂದು ಕೇಳಿ.

ಅದಕ್ಕೂ ಮೊದಲು ಅಪ್ಪನನ್ನು ಎಲುಬಿನ ಡಾಕ್ಟರಿಗೆ ತೋರಿಸಿ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ, ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಯಾರಿಂದಲೂ ಬೆನ್ನು ತಿರುವಿಸಬೇಡಿ. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಓಡಿ. ಇದ್ಯಾವುದೂ ಇಲ್ಲವಾದರೆ ಹಾಸಿಗೆ ಹಿಡಿಸಬೇಡಿ. ಮಗ್ಗದಿಂದ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಲಿ.